ಅಪ್‌ಡೇಟ್: ಕ್ಯಾಲಿಫೋರ್ನಿಯಾದ ಪೋಡಿಯಾಟ್ರಿ (ಪಾದದ ವೈದ್ಯಕೀಯ) ಲೈಸೆನ್ಸ್ ಅರ್ಜಿ ಎಲ್ಲಿ ಸಿಕ್ಕಿಕೊಳ್ಳುತ್ತೆ

ಶುಲ್ಕ ಕಟ್ಟಿದ ಮೇಲೂ ಅರ್ಜಿ 'ಅಪೂರ್ಣ' ಅಂತ ಯಾಕೆ ತೋರಿಸುತ್ತೆ ಅಂತ ಕೇಳಿದ್ದೆ. ಉತ್ತರ ಸಿಕ್ಕಿದೆ.

ಡಿಪಿಎಂ (ಪೋಡಿಯಾಟ್ರಿ ವೈದ್ಯ ಪದವಿ) ಟ್ರಾನ್ಸ್‌ಕ್ರಿಪ್ಟ್, ಅಂದರೆ ಅಂಕಪಟ್ಟಿ, ಕಾಲೇಜಿನಿಂದಲೇ ಲೈಸೆನ್ಸ್ ಕೊಡೋ ರಾಜ್ಯದ ಪೋಡಿಯಾಟ್ರಿ ಬೋರ್ಡಿಗೆ ಹೋಗಬೇಕು. ನಮ್ಮ ಕೈಯಿಂದ ಹೋದ ಪ್ರತಿ ಲೆಕ್ಕಕ್ಕಿಲ್ಲ. ಎಪಿಎಂಎಲ್‌ಇ (ಪೋಡಿಯಾಟ್ರಿ ಲೈಸೆನ್ಸ್ ಪರೀಕ್ಷೆ) ಅಂಕಗಳೂ ಹಾಗೇ, ಪೋಡಿಯಾಟ್ರಿ ಬೋರ್ಡುಗಳ ಫೆಡರೇಶನ್ ಮೂಲಕ ನೇರವಾಗಿ. ಮೂರನೇ ಭಾಗ ಪಾಸಾದರೆ ಸಾಲದು, ಅಂಕ ಕಳಿಸಲು ಬೇರೆಯಾಗಿ ಕೋರಬೇಕು. ಹೆಚ್ಚಿನವರು ಮರೆಯೋದು ಇದನ್ನೇ.

ಹಿನ್ನೆಲೆ ತಪಾಸಣೆಗೆ ಕೊಡೋ ಬೆರಳಚ್ಚಿನದು ದೊಡ್ಡ ತಲೆನೋವು. ರಾಜ್ಯದೊಳಗಿದ್ದರೆ ಲೈವ್ ಸ್ಕ್ಯಾನ್ (ಡಿಜಿಟಲ್ ಬೆರಳಚ್ಚು), ಹೊರಗಿದ್ದರೆ ಎಫ್‌ಡಿ-258 ಅನ್ನೋ ಶಾಯಿ ಅಚ್ಚಿನ ಕಾರ್ಡು. ಲೈವ್ ಸ್ಕ್ಯಾನ್ ಫಾರ್ಮಿನ ಮೇಲ್ಭಾಗದ ಓಆರ್‌ಐ ಕೋಡ್ (ವರದಿ ಯಾವ ಸಂಸ್ಥೆಗೆ ಅನ್ನೋ ಗುರುತು) ಪೋಡಿಯಾಟ್ರಿ ಬೋರ್ಡಿನದ್ದೇ ಇರಬೇಕು. ಆಸ್ಪತ್ರೆ ಕೆಲಸಕ್ಕೆ ಕೊಟ್ಟ ಹಳೇ ಫಾರ್ಮ್ ಬಳಸಿದರೆ ವರದಿ ಆ ಆಸ್ಪತ್ರೆಗೇ ಹೋಗುತ್ತೆ. ಆಪರೇಶನ್‌ಗೆ ಅಂತ ದಿನವಿಡೀ ಉಜ್ಜಿ ತೊಳೆಯೋ ಕೈಯಲ್ಲಿ ಗೆರೆ ಸವೆದಿರುತ್ತೆ, ಅಚ್ಚು ತಿರಸ್ಕಾರವಾಗಬಹುದು. ಅಚ್ಚು ಕೊಡೋಕೆ ಹಿಂದಿನ ಕೆಲವು ದಿನ ಲೋಷನ್ ಹಚ್ಚಿ, ಆದರೆ ಅಚ್ಚು ಕೊಡುವ ಹೊತ್ತಿಗೆ ಕೈ ಒಣಗಿರಲಿ.

ನಮ್ಮವರಿಗೆ ಇನ್ನೊಂದು: ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರು ಪೂರ್ತಿ, ಟ್ರಾನ್ಸ್‌ಕ್ರಿಪ್ಟಲ್ಲಿ ಬರೀ ಇನಿಷಿಯಲ್ ಇದ್ದರೆ ದಾಖಲೆ ತಾಳೆಯಾಗಲ್ಲ. ಅರ್ಜಿಯಲ್ಲೇ ಎರಡೂ ರೂಪ ಬರೆಯಿರಿ.

ಭಾರತದ ಎಂಬಿಬಿಎಸ್ ಬಗ್ಗೆ ಕೇಳಿದವರಿಗೆ: ಅದು ಡಿಪಿಎಂಗೆ ಬದಲಿಯಲ್ಲ. ಇನ್ನು ಡಿಇಎ ನೋಂದಣಿ (ನಿಯಂತ್ರಿತ ಔಷಧಿ ಬರೆಯಲು ಬೇಕಾದ ಅಮೆರಿಕ ಕೇಂದ್ರ ಸರ್ಕಾರದ ಅನುಮತಿ) ರಾಜ್ಯದ ಲೈಸೆನ್ಸ್ ಬಂದ ಮೇಲೇ.