ಫಜ್ಜಿ ಗ್ರಾಫ್‌ನಲ್ಲಿ ಜಗಳಕ್ಕೂ ಅಪರಿಚಯಕ್ಕೂ ಒಂದೇ ಸೊನ್ನೆಯೇ?

ಪ್ರಶ್ನೆ:
ಒಂದೇ ತೂಬಿನಿಂದ ನೀರು ಪಡೆಯುವ ಹನ್ನೆರಡು ಮಂದಿ ರೈತರ ನಡುವಿನ ನಂಬಿಕೆಯನ್ನು ನನ್ನ ಎಂ.ಎಸ್ಸಿ. ಪ್ರಬಂಧಕ್ಕಾಗಿ ಫಜ್ಜಿ ಗ್ರಾಫ್ ಆಗಿ ನಿರೂಪಿಸುತ್ತಿದ್ದೇನೆ: ರೈತರು ಶೃಂಗಗಳು, ಇಬ್ಬರ ನಡುವಿನ ನಂಬಿಕೆ ಅಂಚು, ಪ್ರತಿಯೊಂದಕ್ಕೂ ಸದಸ್ಯತ್ವ ಎಂಬ 0ರಿಂದ 1ರವರೆಗಿನ ಒಂದು ಸಂಖ್ಯೆ. ರೋಸೆನ್‌ಫೆಲ್ಡ್ 1975ರಲ್ಲಿ ಕೊಟ್ಟ ವ್ಯಾಖ್ಯೆಯಂತೆ ಅಂಚಿನ ಸದಸ್ಯತ್ವವು ಅದರ ಎರಡು ಶೃಂಗಗಳ ಸದಸ್ಯತ್ವಗಳಲ್ಲಿ ಕಿರಿದಾದುದನ್ನು ಮೀರಬಾರದು. ಎಲ್ಲ ಶೃಂಗಗಳಿಗೂ 1 ಕೊಟ್ಟಿರುವುದರಿಂದ ಅದು ತೊಡಕಾಗಿಲ್ಲ. ಆದರೆ ಬದುವಿನ ವ್ಯಾಜ್ಯದಿಂದ ಮಾತು ಬಿಟ್ಟ ಇಬ್ಬರಿಗೂ, "ಅವರ ಹೊಲ ಕಾಲುವೆಯ ಆ ತುದಿಗಿದೆ, ನನಗೆ ಅವರ ಪರಿಚಯವಿಲ್ಲ" ಎಂದವರಿಗೂ ನಾನು 0 ಎಂದೇ ಬರೆಯಬೇಕಾಗಿದೆ. ಇವೆರಡನ್ನು ಬೇರ್ಪಡಿಸುವುದು ಹೇಗೆ?

ಉತ್ತರ 1:
ಅಟನಾಸೊವ್ ಅವರ ಇಂಟ್ಯೂಷನಿಸ್ಟಿಕ್ ಫಜ್ಜಿ ಗಣಗಳು ಇಂಥದ್ದಕ್ಕೇ ಒದಗುತ್ತವೆ. ಪ್ರತಿ ಅಂಚಿಗೂ ಸದಸ್ಯತ್ವ (ಇಲ್ಲಿ ನಂಬಿಕೆ), ಅಸದಸ್ಯತ್ವ (ಅಪನಂಬಿಕೆ) ಎಂಬ ಎರಡು ಸಂಖ್ಯೆಗಳಿರುತ್ತವೆ. ಅವುಗಳ ಮೊತ್ತ 1ನ್ನು ಮೀರಬಾರದು, 1ಕ್ಕೆ ಎಷ್ಟು ಕಡಿಮೆಯಾಯಿತೋ ಅಷ್ಟು ಅನಿಶ್ಚಿತತೆ. ವ್ಯಾಜ್ಯದ ಜೋಡಿಗೆ (0.1, 0.8) ಎಂದು ಬರೆದರೆ ಅನಿಶ್ಚಿತತೆ 0.1 ಮಾತ್ರ, ಅಪರಿಚಿತರಿಗೆ (0, 0) ಎಂದರೆ ಅದು ಪೂರ್ತಿ 1.

ಉತ್ತರ 2:
ಮೇಲಿನ ಸಲಹೆ ಸರಿಯಾಗಿದೆ, ಆದರೆ ಅದರಲ್ಲೊಂದು ಗುಂಡಿಯಿದೆ. ಇಂಟ್ಯೂಷನಿಸ್ಟಿಕ್ ಫಜ್ಜಿ ಗ್ರಾಫ್ ಕುರಿತ ಹಲವು ಲೇಖನಗಳಲ್ಲಿ ಅಂಚಿನ ಅಸದಸ್ಯತ್ವವು ಎರಡು ಶೃಂಗಗಳ ಅಸದಸ್ಯತ್ವಗಳಲ್ಲಿ ಹಿರಿದಾದುದನ್ನು ಮೀರಬಾರದು ಎಂಬ ನಿಬಂಧನೆಯಿದೆ. ನಿಮ್ಮ ಶೃಂಗಗಳೆಲ್ಲ (1, 0) ಆಗಿದ್ದರೆ ಹಿರಿದಾದುದೂ 0 ಆಗುತ್ತದೆ, ಹಾಗಾಗಿ 0.8 ಎಂದು ಬರೆಯಲು ಅವಕಾಶವೇ ಇರುವುದಿಲ್ಲ. ಉಪಗಣದಲ್ಲಿ ಸದಸ್ಯತ್ವ ಹೆಚ್ಚಬಾರದು, ಅಸದಸ್ಯತ್ವ ತಗ್ಗಬಾರದು ಎಂಬ ತರ್ಕವನ್ನು ನೆಚ್ಚಿದರೆ ಅಸದಸ್ಯತ್ವ ಆ ಹಿರಿದಾದುದಕ್ಕಿಂತ ಕಡಿಮೆ ಇರಬಾರದು ಎಂದೇ ಬರಬೇಕು. ಆ ನಿಬಂಧನೆ ತಿರುಗುಮುರುಗಾಗಿದೆ ಎಂಬುದು ನನ್ನ ಅಭಿಪ್ರಾಯ. ಶೃಂಗಗಳನ್ನು ಸಾಮಾನ್ಯ ಗಣವಾಗಿ ಉಳಿಸಿಕೊಂಡು, ಅಂಚುಗಳನ್ನು ಮಾತ್ರ ಇಂಟ್ಯೂಷನಿಸ್ಟಿಕ್ ಫಜ್ಜಿ ಸಂಬಂಧವಾಗಿ ವ್ಯಾಖ್ಯಾನಿಸಿಕೊಳ್ಳಿ. ಯಾವ ವ್ಯಾಖ್ಯೆ ಬಳಸಿದ್ದೀರಿ ಎಂಬುದನ್ನು ಮೊದಲ ಅಧ್ಯಾಯದಲ್ಲೇ ಹೇಳಿಬಿಡಿ. ಅಂದಹಾಗೆ ನಂಬಿಕೆಗೆ ದಿಕ್ಕಿದೆ, ನೀವು ನೆಚ್ಚಿದವರೆಲ್ಲ ನಿಮ್ಮನ್ನು ನೆಚ್ಚಬೇಕೆಂದಿಲ್ಲ. ದಿಶಾಯುತ ಗ್ರಾಫ್ ಲೇಸು.

ಉತ್ತರ 3:
ಒಂದಕ್ಕೊಂದು ಸೇರಿದ ಅಂಚುಗಳ ದಾರಿಯ ಬಲ ಲೆಕ್ಕಹಾಕುವಾಗ ಸದಸ್ಯತ್ವದಲ್ಲಿ ಕನಿಷ್ಠವನ್ನೂ ಅಸದಸ್ಯತ್ವದಲ್ಲಿ ಗರಿಷ್ಠವನ್ನೂ ಹಿಡಿಯಬೇಕು: (0.7, 0.2) ಮತ್ತು (0.6, 0.3) ಎಂಬ ಅಂಚುಗಳ ದಾರಿಗೆ (0.6, 0.3). ಮೊತ್ತ ತಾನಾಗಿಯೇ 1ರೊಳಗೆ ಉಳಿಯುತ್ತದೆ.

ಪ್ರಶ್ನೆ ಕೇಳಿದವರು:
ಪರಿಶೀಲಿಸಿದೆ, ನಾನು ಅನುಸರಿಸುತ್ತಿದ್ದ ಲೇಖನದಲ್ಲಿ ಉತ್ತರ 2ರಲ್ಲಿ ಹೇಳಿದ ನಿಬಂಧನೆಯೇ ಇದೆ. ಅದನ್ನು ಕೈಬಿಟ್ಟು, ದಿಶಾಯುತ ಅಂಚುಗಳೊಂದಿಗೆ ಮತ್ತೆ ಬರೆಯುತ್ತಿದ್ದೇನೆ.