ಖಾಲಿ ಪಿಕಪ್ ಭಾಳ ಜಿಗೀತದ: ಪಾಟಾ ತೆಗೀಬೇಕೋ ಬ್ಯಾಡೋ?

ತಿಕೋಟಾ_ಕ್ರೇಟ್ (ವಿಜಯಪುರ):

ನಮಸ್ಕಾರ್ರಿ ಎಲ್ಲಾರಿಗೂ. 1.7 ಟನ್ನಿನ ಪಿಕಪ್, ಸೆಕೆಂಡ್ ಹ್ಯಾಂಡ್ ತಗೊಂಡದ್ದು, 1,10,000 ಕಿ.ಮೀ. ಓಡ್ಯದ. ದ್ರಾಕ್ಷಿ ಸೀಸನ್ನಿನ್ಯಾಗ ತಿಕೋಟಾದಿಂದ ಅಥಣಿ ಮ್ಯಾಲಿಂದ ಬೆಳಗಾವಿಗೆ ಕ್ರೇಟ್ ಹೋಗ್ತಾವ, ಟ್ರಿಪ್ಪಿಗೆ 700–800 ಕಿಲೋ. ಬರೂಮುಂದ ಖಾಲಿ. ಮಳಿಗಾಲದಾಗ ಗೊಬ್ಬರ, ಗೊಂಜಾಳ ಹೇರಿದ್ರ ಪೂರಾ ಲೋಡ್.

ತೊಂದರಿ ಎರಡು ಅದಾವ. ಖಾಲಿ ಇದ್ದಾಗ ಸಣ್ಣ ತಗ್ಗಿಗೂ ಹಿಂದಿನ ಗಾಲಿ ಜಿಗೀತಾವ, ಸೇತುವಿ ಜಾಯಿಂಟ್ ಮ್ಯಾಲ ಹಿಂಭಾಗ ಬಾಜೂಕ ಸರೀತದ. ಕ್ರೇಟ್ ಹಾಕಿದಾಗ ಜಿಗಿತ ಕಡಿಮಿ, ಆದ್ರ ಕಟಕಟ ಅಂತ ಏಟು ಬೀಳೂದು ನಿಲ್ಲೂದಿಲ್ಲ, ಹಿಂದಿನ ಸಾಲಿನ ಕ್ರೇಟಿನ್ಯಾಗ ಕಾಳು ಉದುರ್ತಾವ. ಹವಾ ಹಿಂದ ಯಾವಾಗಲೂ 65 ಪಿಎಸ್‌ಐ ಇಡ್ತೀವಿ. ಮೆಕ್ಯಾನಿಕ್ ಒಂದೊಂದು ಬಾಜೂಕ ಎರಡು ಪಾಟಾ (ಭಾರ ಹೊರೂ ಸ್ಪ್ರಿಂಗಿನ ಉಕ್ಕಿನ ಪಟ್ಟಿ) ತೆಗೆದುಬಿಡ್ರಿ ಅಂತಾನ. ಇನ್ನೊಬ್ರು ರಬ್ಬರ್ ಬಫರ್ ಹಾಕ್ರಿ ಅಂತಾರ. ಯಾವುದು ಖರೇ?

ಘಟಪ್ರಭಾ_ಗಾಡಿ (ಮುಧೋಳ):

ಪಾಟಾಕ್ಕ ಕೈ ಹಚ್ಚೂಕಿಂತ ಮೊದಲ ಹವಾ ನೋಡ್ರಿ. ಖಾಲಿ ಗಾಡಿಗೆ 65 ಅಂದ್ರ ಟಾಯರ್ ಕಲ್ಲಾಗಿ ಕುಂತಿರ್ತೈತಿ. ಬಾಗಿಲಾ ತಗದ್ರ ಕಂಬದ ಮ್ಯಾಲ ಕಂಪನಿ ಹಚ್ಚಿದ ಫಲಕ ಇರ್ತೈತಿ, ಇಲ್ಲಂದ್ರ ಗಾಡಿ ಪುಸ್ತಕದಾಗ ಸಿಗ್ತೈತಿ. ಖಾಲಿಗೆ ಎಷ್ಟು, ಪೂರಾ ಲೋಡಿಗೆ ಎಷ್ಟು ಅಂತ ಬ್ಯಾರೆ ಬ್ಯಾರೆ ಬರದಿದ್ರ ಆ ಎರಡರ ನಡುವ ಇರ್ರಿ. ಒಂದ ಅಂಕಿ ಬರದಿದ್ರ ಅದಕ್ಕಿಂತ ಕೆಳಗ ಇಳೀಬ್ಯಾಡ್ರಿ.

ನಡುವಿನ ಲೋಡಿಗೆ ಎಷ್ಟು ಸರಿ ಅನ್ನೂದನ್ನ ಖಡುವಿನಿಂದ (ಸೀಮೆಸುಣ್ಣ) ನೋಡಬಹುದು. ಹಿಂದಿನ ಟಾಯರಿನ ನೆಲಾ ಮುಟ್ಟೂ ಭಾಗದ ಮ್ಯಾಲ ಈ ಅಂಚಿನಿಂದ ಆ ಅಂಚಿನ ತನಕ ಬೆರಳಷ್ಟು ದಪ್ಪ ಗೆರಿ ಎಳೀರಿ. ಸಪಾಟ ಡಾಂಬರ್ ಮ್ಯಾಲ 50–60 ಮೀಟರ್ ನೆಟ್ಟಗ ಹೋಗಿ ಇಳದು ನೋಡ್ರಿ. ನಡುವಷ್ಟ ಅಳಿಸಿ ಎರಡೂ ಅಂಚಿನ್ಯಾಗ ಬಿಳುಪು ಉಳದಿದ್ರ ಹವಾ ಜಾಸ್ತಿ. ಅಂಚು ಅಳಿಸಿ ನಡುವ ಉಳದ್ರ ಕಡಿಮಿ. ನಾಲ್ಕು ನಾಲ್ಕು ಪಿಎಸ್‌ಐ ಇಳಿಸಿ ಮತ್ತ ಗೆರಿ ಎಳೀರಿ, ಗೆರಿ ಒಂದ ಸಮ ಅಳಿಸಿದ್ರ ಅದು ಆ ಲೋಡಿನ ಅಂಕಿ, ಬರದಿಡ್ರಿ.

ಅಳತಿ ಮುಂಜಾನೆ, ಗಾಡಿ ಓಡೂಕಿಂತ ಮೊದಲ. 60ರ ಸುತ್ತ ಇದ್ದ ಟಾಯರಿನ್ಯಾಗ 10 ಡಿಗ್ರಿ ಬಿಸಿ ಏರಿದ್ರ ಎರಡೂವರಿ ಪಿಎಸ್‌ಐ ಏರತೈತಿ. ಮಧ್ಯಾಹ್ನ ಬಿಸಲಾಗ ಗೇಜ್ ಜಾಸ್ತಿ ತೋರಸ್ತು ಅಂತ ಬಿಟ್ಟು ಇಳಸಿದ್ರ ಮರುದಿನ ಮುಂಜಾನೆ ಕಡಿಮಿ ಹವಾದಾಗ ಹೊಂಟಂಗ ಆಗ್ತೈತಿ. ಗೊಬ್ಬರ ಹೇರೂ ದಿನ ಮರೀದಂಗ ಪೂರಾ ತುಂಬ್ರಿ. ಕಡಿಮಿ ಹವಾದಾಗ ತುಂಬಿದ ಗಾಡಿ ಓಡಿದ್ರ ಟಾಯರಿನ ಬಾಜೂ ಗ್ವಾಡಿ ಮಡಚಿ ಮಡಚಿ ಕಾದು ಸಿಡೀತೈತಿ.

ಉದ್ಯಮಬಾಗ್_ಫಿಟ್ಟರ್ (ಬೆಳಗಾವಿ):

ಹವಾ ವಿಷಯ ಸರಿಯಾಗಿದೆ. ಪಾಟಾದ ಬಗ್ಗೆ ನಾನು ಹೇಳುತ್ತೇನೆ. ಎರಡು ಪಾಟಾ ತೆಗೆಸಬೇಡಿ. ಲೆಕ್ಕ ನೋಡಿ, ನಿಮಗೇ ಗೊತ್ತಾಗುತ್ತದೆ.

ಹಿಂದಿನ ಪಾಟಾಗಳ ಮೇಲೆ ಖಾಲಿ ಇದ್ದಾಗ 500 ಕಿಲೋ, ಪೂರಾ ತುಂಬಿದಾಗ 2000 ಕಿಲೋ ಕೂರುತ್ತದೆ ಎಂದಿಟ್ಟುಕೊಳ್ಳಿ. ಭಾರ ನಾಲ್ಕು ಪಟ್ಟಾದರೆ ಗಾಡಿ ಕುಣಿಯುವ ವೇಗ ಅರ್ಧಕ್ಕೆ ಇಳಿಯುತ್ತದೆ. ತುಂಬಿದಾಗ ಸೆಕೆಂಡಿಗೆ 1.75 ಸಲ ಕುಣಿಯುವ ಗಾಡಿ ಖಾಲಿ ಇದ್ದಾಗ 3.5 ಸಲ ಕುಣಿಯುತ್ತದೆ. ಕೂತ ಮನುಷ್ಯನ ಮೈಗೆ ಮೇಲೆ ಕೆಳಗಿನ ಅಲುಗಾಟ ಅತಿ ಹೆಚ್ಚು ತಟ್ಟುವುದು ಸೆಕೆಂಡಿಗೆ 4ರಿಂದ 8 ಸಲ ಆದಾಗ. ಖಾಲಿ ಪಿಕಪ್ ಅದರ ಹೊಸ್ತಿಲಲ್ಲೇ ನಿಂತಿರುತ್ತದೆ, ಬೆನ್ನು ನೋಯುವುದು ಅದಕ್ಕೇ.

ಈಗ ಪಾಟಾ ತೆಗೆದು ಬಿಗಿಯನ್ನು ಐದರಲ್ಲೊಂದು ಪಾಲು ಇಳಿಸಿದಿರಿ ಎನ್ನಿ. 3.5 ಇದ್ದದ್ದು 3.1 ಆಗುತ್ತದೆ. ಇಷ್ಟೇ ಲಾಭ ಟ್ರೇನಲ್ಲಿ (ಸಾಮಾನು ಹೇರುವ ಹಿಂಭಾಗ) 125 ಕಿಲೋ ಮರಳಿನ ಚೀಲ ಇಟ್ಟರೂ ಸಿಗುತ್ತದೆ. ಆದರೆ ಪಾಟಾ ತೆಗೆದರೆ ಗೊಬ್ಬರದ ದಿನ ಉಳಿದ ಪಾಟಾಗಳ ಮೇಲೆ ಕಾಲು ಪಾಲು ಹೊರೆ ಹೆಚ್ಚು ಬೀಳುತ್ತದೆ. ಮೊದಲು ಮುರಿಯುವುದು ಸಾಮಾನ್ಯವಾಗಿ ಪಾಟಾಗಳನ್ನು ನಡುವೆ ಸೇರಿಸಿ ಹಿಡಿಯುವ ಸೆಂಟರ್ ಬೋಲ್ಟಿನ ತೂತಿನ ಹತ್ತಿರ. ಚಾಸಿಗೆ ಸಿಕ್ಕಿಸಿದ ಅತಿ ಉದ್ದದ ಮಾಸ್ಟರ್ ಪಾಟಾ ಹೋದರೆ ಎಕ್ಸೆಲ್ಲೇ ಜಾಗ ಬಿಡುತ್ತದೆ.

ಇನ್ನೊಂದು ಮಾತು. 750 ಕಿಲೋ ಕ್ರೇಟ್ ಹಾಕಿದಾಗ ಇದೇ ಲೆಕ್ಕದಲ್ಲಿ ಗಾಡಿ 2.2ಕ್ಕೆ ಇಳಿಯಬೇಕು, ಅಂದರೆ ಮೆತ್ತಗಾಗಬೇಕು. ಆದರೂ ಕಟಕಟ ಏಟು ಬೀಳುತ್ತಿದೆ ಎಂದರೆ ಪಾಟಾ ಬಿಗಿ ಇರುವುದಲ್ಲ, ಪಾಟಾ ಆಡುತ್ತಲೇ ಇಲ್ಲ. ಒಂದರ ಮೇಲೊಂದು ಜಾರಬೇಕಾದ ಪಾಟಾಗಳ ನಡುವೆ ತುಕ್ಕು, ಎರೆಮಣ್ಣು ಹೊಕ್ಕು ಹಿಡಿದುಕೊಂಡರೆ ಸಣ್ಣ ಏಟಿಗೆ ಅವು ಜಾರುವುದಿಲ್ಲ, ಏಟು ನೇರ ಚಾಸಿಗೆ ಹೋಗುತ್ತದೆ.

ಗಾಡಿ ಕೆಳಗೆ ಬ್ಯಾಟರಿ ಹಿಡಿದು ಮಲಗಿ ಇವನ್ನು ನೋಡಿ. ಮೊದಲು ಪಾಟಾ ಎಣಿಸಿ, ಎಡಕ್ಕೆಷ್ಟು, ಬಲಕ್ಕೆಷ್ಟು. ಬಿಡಿಭಾಗದ ಪುಸ್ತಕದ ಎಣಿಕೆಗೆ ಹೋಲಿಸಿ. ಕಬ್ಬಿನ ಸೀಮೆಯ ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಹೆಚ್ಚುವರಿ ಪಾಟಾ ಹಾಕಿಸಿರುವುದು ತೀರಾ ಸಾಮಾನ್ಯ. ಆಮೇಲೆ ಹೆಲ್ಪರ್ ಪಾಟಾ, ಅಂದರೆ ಭಾರ ಹೆಚ್ಚಾದಾಗ ಮೇನ್ ಪಾಟಾಗಳಿಗೆ ನೆರವಾಗುವುದು. ಖಾಲಿ ಗಾಡಿಯಲ್ಲಿ ಅದರ ತುದಿಗೂ ಅದು ತಾಗಬೇಕಾದ ಜಾಗಕ್ಕೂ ನಡುವೆ ಬಯಲು ಕಾಣಬೇಕು, ಭಾರ ಬಿದ್ದ ಮೇಲಷ್ಟೇ ತಾಗಬೇಕು. ಖಾಲಿ ಇದ್ದಾಗಲೇ ತಾಗಿ, ತುದಿ ಬೆಳ್ಳಿಯಂತೆ ಮಿರುಗುತ್ತಿದ್ದರೆ ಮೇನ್ ಪಾಟಾ ಕುಸಿದಿದೆ ಅಥವಾ ಯಾರೋ ದಪ್ಪ ಪಾಟಾ ತುರುಕಿದ್ದಾರೆ. ಪಾಟಾ ತುದಿಗಳಲ್ಲಿ ಇಟ್ಟಿಗೆ ಬಣ್ಣದ ಪುಡಿ ಕಂಡರೆ ಒಳಗೆ ತುಕ್ಕು ಅರೆಯುತ್ತಿದೆ. ಕೊನೆಗೆ ಶ್ಯಾಕಲ್, ಅಂದರೆ ಪಾಟಾದ ಒಂದು ತುದಿಯನ್ನು ಚಾಸಿಗೆ ಸೇರಿಸುವ, ಆಡುವ ಕೊಂಡಿ. ಅದು ಹಿಡಿದುಕೊಂಡಿದ್ದರೆ ಪಾಟಾ ಉದ್ದವಾಗಲು ಜಾಗವೇ ಇಲ್ಲ.

ತಿಕೋಟಾ_ಕ್ರೇಟ್:

ನೋಡಿದ್ವಿರಿ. ಖಡು ಗೆರಿ ನಡುವಷ್ಟ ಅಳಿಸ್ತು. ಎರಡೂ ಬಾಜೂ ಪುಸ್ತಕದಕಿಂತ ಒಂದೊಂದು ಪಾಟಾ ಜಾಸ್ತಿ ಅದ. ಹೆಲ್ಪರ್ ಖಾಲಿ ಇದ್ದಾಗನ ತಾಗೇದ. ಕೆಂಪು ಪುಡಿ ಎಲ್ಲಾ ಕಡೆ. ಬಿಚ್ಚಸೂದಾದ್ರ ಏನೇನು ಹೇಳಿ ಮಾಡಸಬೇಕು? ಶಾಕಪ್ಪೂ (ಶಾಕ್ ಅಬ್ಸಾರ್ಬರ್) ಬದಲಿ ಮಾಡ್ಬೇಕೇನು?

ಉದ್ಯಮಬಾಗ್_ಫಿಟ್ಟರ್:

ಹಾಗಾದರೆ ಹೆಚ್ಚುವರಿ ಪಾಟಾ ಮಾತ್ರ ಎರಡೂ ಬದಿಯಿಂದ ತೆಗೆಸಿ. ಇದು ಕಂಪನಿ ಕೊಟ್ಟ ಸ್ಥಿತಿಗೆ ತರುವ ಕೆಲಸ, ಮೆಕ್ಯಾನಿಕ್ ಹೇಳಿದ್ದು ಬೇರೆ.

ಚಾಸಿಯನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಬೇಕು, ಎಕ್ಸೆಲ್ಲಿಗೆ ಬೇರೆ ಜ್ಯಾಕ್. ಬರೀ ಜ್ಯಾಕ್ ನಂಬಿ ಒಳಗೆ ಹೋಗಬಾರದು. ಪಾಟಾಗಳ ಕಟ್ಟು ಹೊರಗೆ ಬಂದ ಮೇಲೆ ಸೆಂಟರ್ ಬೋಲ್ಟ್ ಸಡಿಲಿಸುವ ಮೊದಲು ಎರಡು ಸಿ-ಕ್ಲ್ಯಾಂಪ್ ಬಿಗಿಯಬೇಕು. ಪಾಟಾಗಳ ಕಮಾನು ಒಂದೊಂದಕ್ಕೂ ಬೇರೆ ಇರುವುದರಿಂದ ಕಟ್ಟು ಸದಾ ಸೆಟೆದಿರುತ್ತದೆ, ಕ್ಲ್ಯಾಂಪ್ ಇಲ್ಲದೆ ನಟ್ ಬಿಚ್ಚಿದರೆ ಚಿಮ್ಮಿ ಮುಖಕ್ಕೆ ಬಡಿಯುತ್ತದೆ. ಪ್ರತಿ ಪಾಟಾವನ್ನು ವೈರ್ ಬ್ರಷ್‌ನಿಂದ ಉಜ್ಜಿ, ಸೀಮೆಎಣ್ಣೆಯಲ್ಲಿ ಒರೆಸಿ, ಸೆಂಟರ್ ತೂತಿನ ಸುತ್ತ ಕೂದಲೆಳೆಯಂಥ ಬಿರುಕು ಇದೆಯೇ ನೋಡಿ. ಬಿರುಕಿದ್ದರೆ ಆ ಪಾಟಾ ಗುಜರಿಗೆ, ವೆಲ್ಡಿಂಗ್ ಬೇಡವೇ ಬೇಡ. ಹದ ಕೊಟ್ಟ ಉಕ್ಕು ಅದು, ಬೆಂಕಿ ತಾಗಿದಲ್ಲಿ ಹದ ಹೋಗುತ್ತದೆ. ಗ್ರೈಂಡರ್ ಕೂಡ ಹಚ್ಚಬಾರದು, ಅದರ ಗೀರಿನಿಂದಲೇ ಹೊಸ ಬಿರುಕು ಹುಟ್ಟುತ್ತದೆ. ಮೇನ್ ಪಾಟಾ ಕುಸಿದಿದ್ದರೆ ಸುತ್ತಿಗೆಯಲ್ಲಿ ಬಡಿದು ಕಮಾನು ಎಬ್ಬಿಸಿದ್ದು ಬಹಳ ದಿನ ನಿಲ್ಲುವುದಿಲ್ಲ, ಹೊಸ ಕಟ್ಟೇ ಹಾಕಿಸಿ, ಎರಡೂ ಬದಿಗೆ.

ಜೋಡಿಸುವಾಗ ನಡುವೆ ಗ್ರಾಫೈಟ್ ಗ್ರೀಸ್, ತೆಳ್ಳಗೆ. ತುದಿಗೆ ನೈಲಾನ್ ಪ್ಯಾಡ್ ಇರುವ ಕಟ್ಟಾದರೆ ಸವೆದ ಪ್ಯಾಡ್ ಬದಲಿಸಿ. ಶ್ಯಾಕಲ್‌ನಲ್ಲಿ ರಬ್ಬರ್ ಬುಷ್ ಇದ್ದರೆ ಸಾದಾ ಗ್ರೀಸ್ ಮುಟ್ಟಿಸಬೇಡಿ, ರಬ್ಬರ್ ಉಬ್ಬಿ ಹಾಳಾಗುತ್ತದೆ. ಗ್ರೀಸ್ ನಿಪ್ಪಲ್ ಇರುವ ಲೋಹದ ಬುಷ್ ಆದರೆ ಹಳೆ ಗ್ರೀಸ್ ಹೊರಬಂದು ಹೊಸದು ಕಾಣುವ ತನಕ ಗನ್ ಒತ್ತಿಸಿ, ಆಯಿಲ್ ಬದಲಿಸಿದಾಗಲೆಲ್ಲ ಇದನ್ನೂ ಮಾಡಿಸಿ.

ಹೆಚ್ಚಿನವರು ತಪ್ಪುವುದು ಇಲ್ಲಿ: ರಬ್ಬರ್ ಬುಷ್ಷಿನ ಬೋಲ್ಟನ್ನು ಗಾಲಿ ನೇತಾಡುತ್ತಿರುವಾಗಲೇ ಬಿಗಿದುಬಿಡುತ್ತಾರೆ. ಗಾಡಿ ನೆಲಕ್ಕಿಳಿದಾಗ ರಬ್ಬರ್ ತಿರುಚಿಕೊಂಡು ಕೂರುತ್ತದೆ, ಬೇಗ ಹರಿಯುತ್ತದೆ, ಅಲ್ಲಿಯ ತನಕ ಗಾಡಿಯನ್ನು ಬಿಗಿಯಾಗಿಯೂ ಇಡುತ್ತದೆ. ಕೈಬಿಗಿ ಮಾಡಿ, ನೆಲಕ್ಕಿಳಿಸಿ, ಎರಡು ಸಲ ಕುಲುಕಿ, ಆಮೇಲೆ ಪೂರಾ ಬಿಗಿ. ಪಾಟಾ ಕಟ್ಟನ್ನು ಎಕ್ಸೆಲ್ಲಿಗೆ ಬಿಗಿಯುವ ಯು-ಬೋಲ್ಟ್ ಹೊಸವೇ ಇರಲಿ, ಒಮ್ಮೆ ಹಿಗ್ಗಿದ್ದು ಮತ್ತೆ ಅದೇ ಬಿಗಿ ಹಿಡಿಯುವುದಿಲ್ಲ. ನಾಲ್ಕು ನಟ್ಟನ್ನು ಅಡ್ಡಡ್ಡ, ಸ್ವಲ್ಪ ಸ್ವಲ್ಪವೇ, ಟಾರ್ಕ್ ಪಾನಾದಿಂದ ಬಿಗಿಸಿ. 500 ಕಿ.ಮೀ. ಆದ ಮೇಲೆ ಮತ್ತೆ ನೋಡಿಸಿ. ಸಡಿಲಾದ ಯು-ಬೋಲ್ಟ್ ಸೆಂಟರ್ ಬೋಲ್ಟನ್ನು ಕತ್ತರಿಸುತ್ತದೆ.

ಶಾಕಪ್ ಈಗಲೇ ಬದಲಿಸಬೇಡಿ, ಪರೀಕ್ಷೆ ಮಾಡಿ. ಕೆಟ್ಟ ರಸ್ತೆಯಲ್ಲಿ ಹತ್ತು ಕಿ.ಮೀ. ಓಡಿಸಿ, ಇಳಿದು ಎರಡೂ ಹಿಂದಿನ ಶಾಕಪ್ಪಿನ ಮೈ ಮುಟ್ಟಿ. ಕೆಲಸ ಮಾಡಿದ್ದು ಬೆಚ್ಚಗಿರುತ್ತದೆ, ತಣ್ಣಗಿರುವುದು ಸತ್ತಿದೆ. ಎಣ್ಣೆ ಇಳಿದ ಗೆರೆ ಕಂಡರೂ ಹೋಯಿತೆಂದೇ ಲೆಕ್ಕ. ಬದಲಿಸುವುದಾದರೆ ಜೋಡಿಯಾಗಿಯೇ. ಹೊಸದನ್ನು ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರಾ ಎಳೆದು ಒತ್ತಿ ಒಳಗಿನ ಗಾಳಿ ಬಿಡಿಸಿ, ಆಮೇಲೆ ಕೂರಿಸಿ. ಹೆವಿ ಡ್ಯೂಟಿ ಎಂದು ಬಿಗಿ ಶಾಕಪ್ ಹಾಕಿಸಿದರೆ ಖಾಲಿ ಗಾಡಿಯ ಏಟು ಇನ್ನೂ ಹೆಚ್ಚುತ್ತದೆ.

ರಬ್ಬರ್ ಬಫರ್ ಖಾಲಿ ಗಾಡಿಗೆ ಏನೂ ಮಾಡದು. ಅದು ತುಂಬಿದಾಗ ಕುಸಿತ ತಡೆಯುವ ಸಾಮಾನು.

ಕಿತ್ತೂರು_ಬ್ರೇಕ್ (ಬೆಳಗಾವಿ):

ಒಂದನ್ನು ಬಿಟ್ಟಿದ್ದೀರಿ. ಹಿಂದಿನ ಎಕ್ಸೆಲ್ಲಿನಿಂದ ಚಾಸಿ ಮೇಲಿನ ವಾಲ್ವಿಗೆ ಒಂದು ಸರಳು ಅಥವಾ ಸ್ಪ್ರಿಂಗ್ ಹೋಗಿದೆಯೇ ನೋಡಿ. ಇದ್ದರೆ ಅದು ಲೋಡ್ ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಹಂಚುವ ವಾಲ್ವ್. ಲೋಡ್ ಎಷ್ಟಿದೆ ಎಂದು ಅದಕ್ಕೆ ತಿಳಿಯುವುದು ಚಾಸಿಯ ಎತ್ತರದಿಂದ ಮಾತ್ರ. ಚಾಸಿ ತಗ್ಗಿದರೆ ಗಾಡಿ ತುಂಬಿದೆ ಎಂದುಕೊಂಡು ಹಿಂದಕ್ಕೆ ಹೆಚ್ಚು ಒತ್ತಡ ಬಿಡುತ್ತದೆ. ಖಾಲಿ ಗಾಡಿಯಲ್ಲಿ ಹಾಗಾದರೆ ಮಳೆಯಲ್ಲಿ ಬ್ರೇಕ್ ಒತ್ತಿದಾಗ ಹಿಂದಿನ ಗಾಲಿ ಲಾಕ್ ಆಗಿ ಗಾಡಿ ತಿರುಗುತ್ತದೆ. ಹೆಚ್ಚುವರಿ ಪಾಟಾದಿಂದ ಎತ್ತರವಾಗಿದ್ದ ಗಾಡಿಯಲ್ಲಿ ಯಾರಾದರೂ ಆ ಸರಳನ್ನು ಅದಕ್ಕೆ ತಕ್ಕಂತೆ ತಿದ್ದಿರಬಹುದು. ಆದ್ದರಿಂದ ಪಾಟಾ ಕೆಲಸ ಮುಗಿದ ದಿನವೇ ಪುಸ್ತಕದ ಅಳತೆಗೆ ಹೊಂದಿಸಿ.

ಹಾಗೆಯೇ, ಆರ್‌ಸಿ ವಿವರಕ್ಕೂ ಕಂಪನಿಯ ಮೂಲ ವಿವರಕ್ಕೂ ಹೊಂದದಂತೆ ಗಾಡಿ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ತಡೆಯುತ್ತದೆ. ಪಾಟಾ ಕಮ್ಮಿ ಮಾಡುವ ಮಾತು ಬಂದಾಗ ಇದೂ ನೆನಪಿರಲಿ.

ಘಟಪ್ರಭಾ_ಗಾಡಿ:

ಕ್ರೇಟ್ ಇಡೂದರ ಬಗ್ಗೆ ಒಂದೀಟ ಹೇಳ್ತೀನಿ. ಕಾಳು ಉದುರೂದು ಹಿಂದಿನ ಸಾಲಿನ್ಯಾಗ ಅಂದ್ರಿ. ಹಿಂದಿನ ಗಾಲಿ ದಾಟಿ ಹೊರಗ ಚಾಚಿದ ಟ್ರೇ ಭಾಗನ ಎಲ್ಲಾಕಿಂತ ಜಾಸ್ತಿ ಎತ್ತಿ ಒಗೀತೈತಿ. 700 ಕಿಲೋಕ್ಕ ಟ್ರೇ ಪೂರಾ ತುಂಬೂದಿಲ್ಲ, ಹಂಗಾಗಿ ಕ್ಯಾಬಿನ್ನಿಗೆ ಹೊಂದಿಸಿ ಇಟ್ಕೊಂತ ಬರ್ರಿ, ತೂಕದ ನಡು ಹಿಂದಿನ ಎಕ್ಸೆಲ್ಲಿಗಿಂತ ತುಸು ಮುಂದ ಬೀಳ್ಲಿ, ಕಡೀ ಎರಡು ಅಡಿ ಖಾಲಿ ಬಿಡ್ರಿ. ಕ್ರೇಟಿನ ನಡುವ ಸಂದಿ ಇದ್ರ ಗೋಣಿಚೀಲ ತುರಕಿ ಹಗ್ಗ ಬಿಗೀರಿ. ಸಡಿಲ ಕ್ರೇಟ್ ತಾನ ಬ್ಯಾರೆ ಕುಣೀತೈತಿ.

ಬರೂಮುಂದ ಖಾಲಿ ಗಾಡಿಗೆ 50 ಕಿಲೋದ ನಾಲ್ಕು ಮರಳ ಚೀಲ ಸಾಕು. ಫಿಟ್ಟರ್ ಅಣ್ಣಾರ ಲೆಕ್ಕದಾಗ 3.5 ಇದ್ದದ್ದು 3ಕ್ಕ ಬರ್ತೈತಿ. ಒಣ ಮರಳು ಇರ್ಲಿ, ಹಸಿ ಇದ್ರ ಟ್ರೇಕ್ಕ ತುಕ್ಕು ಹಿಡೀತೈತಿ. ಎಕ್ಸೆಲ್ ನೇರಕ್ಕ ಇಟ್ಟು ಟ್ರೇ ಕೊಂಡಿಗೆ ಕಟ್ರಿ, ಬಿಚ್ಚಿ ಒಗದ್ರ ಜೋರ ಬ್ರೇಕ್ ಹಾಕಿದಾಗ ಕ್ಯಾಬಿನ್ನಿಗೆ ಬಂದು ಹೊಡೀತಾವ. ಗೊಬ್ಬರದ ದಿನ ಇಳಿಸೂದು ಮರೀಬ್ಯಾಡ್ರಿ, ಆ 200 ಕಿಲೋನೂ ಲೋಡಿನ್ಯಾಗ ಲೆಕ್ಕ.

ಪಾಟಾ, ಹವಾ, ಶಾಕಪ್ ಎಲ್ಲಾ ಒಂದ ದಿನ ಮಾಡಸಬ್ಯಾಡ್ರಿ. ಒಂದ ಮಾಡಿ, ಅದ ಅಥಣಿ ರಸ್ತೆದ ಅದ ತುಂಡು ಅದ ಸ್ಪೀಡಿನ್ಯಾಗ ಓಡ್ಸಿ ನೋಡ್ರಿ. ಖಡು ಗೆರಿ ಎಳದು ಹವಾ ಇಳಸೂದಕ್ಕ ಖರ್ಚಿಲ್ಲ, ನಾಳೆ ಮುಂಜಾನೆನ ಅದರಿಂದ ಶುರು ಮಾಡ್ರಿ, ಏನಾತು ಅಂತ ಇಲ್ಲೇ ಬರೀರಿ.