ಹನ್ನೆರಡು ಮನೆಗಳ ಕಟ್ಟಡಕ್ಕೆ ಸೋಲಾರ್ ಬಿಸಿನೀರು: ಸಾಲ ಯಾರ ಹೆಸರಿನಲ್ಲಿ, ಕಂತು ಹೇಗೆ?

ಕೇಳಿದವರು, ಚಿತ್ರದುರ್ಗ:
ಸರ್ಕಾರದ ವಸತಿ ಯೋಜನೆಯಲ್ಲಿ ಕಟ್ಟಿಕೊಟ್ಟ ಮೂರಂತಸ್ತಿನ ಕಟ್ಟಡದಲ್ಲಿ ನಾವು ಹನ್ನೆರಡು ಕುಟುಂಬಗಳಿದ್ದೇವೆ. ಎಲ್ಲರೂ ಸೇರಿ ಸೋಲಾರ್ ವಾಟರ್ ಹೀಟರ್ ಹಾಕಿಸಬೇಕೆಂದಿದ್ದೇವೆ. ಸಬ್ಸಿಡಿ ಸಿಗುತ್ತದೆಯೇ, ಸಾಲವನ್ನು ಹೇಗೆ ಪಡೆಯಬೇಕು, ಖರ್ಚನ್ನು ಹೇಗೆ ಹಂಚಿಕೊಳ್ಳಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿ.

ದಾವಣಗೆರೆಯಿಂದ:
ನಮ್ಮದೂ ಅಂಥದೇ ಕಟ್ಟಡ. ಮೊದಲು ಸಬ್ಸಿಡಿಯ ವಿಚಾರ ಹೇಳಿಬಿಡುತ್ತೇನೆ. ಸೋಲಾರ್ ಬಿಸಿನೀರಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಸಹಾಯಧನ 2014ರಲ್ಲೇ ನಿಂತಿದೆ. 2024ರಲ್ಲಿ ಬಂದ ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆ ವಿದ್ಯುತ್ ಉತ್ಪಾದಿಸುವ ಪ್ಯಾನೆಲ್‌ಗಳಿಗೆ ಮಾತ್ರ. ಇವೆರಡನ್ನೂ ಬೆರೆಸಿ ಮಾತನಾಡುವ ಏಜೆಂಟರಿಗೆ ಮುಂಗಡ ಕೊಡಬೇಡಿ.

ನಾವು 1,200 ಲೀಟರಿನ ವ್ಯವಸ್ಥೆಗೆ ಎರಡು ಲಕ್ಷ ಸಾಲ ಮಾಡಿದೆವು. ಐದು ವರ್ಷದ ಅವಧಿಗೆ ಮನೆಯೊಂದಕ್ಕೆ ತಿಂಗಳಿಗೆ ಸುಮಾರು 360 ರೂಪಾಯಿ ಕಂತು ಬಿತ್ತು. ರಿಪೇರಿ ನಿಧಿಗೆಂದು 40 ಸೇರಿಸಿ 400 ವಸೂಲು ಮಾಡಿದೆವು. ಕರೆಂಟ್ ಬಿಲ್ಲಿನ ಉಳಿತಾಯದಲ್ಲೇ ಕಂತು ತೀರುತ್ತದೆಂದು ಲೆಕ್ಕ ಹಾಕಿದ್ದು ನಮ್ಮ ದೊಡ್ಡ ತಪ್ಪು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ 200 ಯೂನಿಟ್ ಮಿತಿಯೊಳಗೆ ತಮ್ಮ ಸರಾಸರಿಗೆ ತಕ್ಕಷ್ಟೇ ಬಳಸುವ ಮನೆಗಳಿಗೆ ಬಿಲ್ಲೇ ಶೂನ್ಯ, ಹಾಗಾಗಿ ಕಾಯಿಲ್ ಇಟ್ಟು ನೀರು ಕಾಯಿಸುತ್ತಿದ್ದವರಿಗೆ ಕೈಗೆ ಹತ್ತುವ ಉಳಿತಾಯವೇನೂ ಕಾಣಲಿಲ್ಲ. ಗ್ಯಾಸಿನಲ್ಲಿ ಕಾಯಿಸುತ್ತಿದ್ದವರ ಕಥೆ ಬೇರೆ: ದಿನಕ್ಕೆ ಐದು ಬಕೆಟ್ ಎಂದರೆ ತಿಂಗಳಿಗೆ ಹೆಚ್ಚುಕಡಿಮೆ ಅರ್ಧ ಸಿಲಿಂಡರ್ ಉಳಿಯುತ್ತದೆ, ಅವರು ಒಂದು ಕಂತನ್ನೂ ತಪ್ಪಿಸಲಿಲ್ಲ. ಆದ್ದರಿಂದ ಸಾಲಕ್ಕೆ ಸಹಿ ಹಾಕುವ ಮುನ್ನ ಯಾವ ಮನೆಯಲ್ಲಿ ಸೌದೆ, ಯಾವ ಮನೆಯಲ್ಲಿ ಗ್ಯಾಸ್, ಯಾವ ಮನೆಯಲ್ಲಿ ಕರೆಂಟ್ ಎಂದು ಬಾಗಿಲು ಬಾಗಿಲಿಗೆ ಹೋಗಿ ಬರೆದುಕೊಳ್ಳಿ.

ಇನ್ನೊಂದು ತೊಡಕು ಪೈಪಿನದು. ಮಾಳಿಗೆಯ ಟ್ಯಾಂಕಿನಿಂದ ನೆಲಮಹಡಿಗೆ ಬರುವ ಪೈಪಿನಲ್ಲಿ ರಾತ್ರಿಯೆಲ್ಲ ನಿಂತ ನೀರು ತಣ್ಣಗಾಗಿರುತ್ತದೆ. ಕೆಳಮನೆಯ ಅಜ್ಜಿಯೊಬ್ಬರು ಬೆಳಿಗ್ಗೆ ನಲ್ಲಿಯ ಕೆಳಗೆ ಕೈಯಿಟ್ಟುಕೊಂಡು ಕಾಯುತ್ತಿದ್ದರು. ಬಿಸಿ ತಾಗುವಷ್ಟರಲ್ಲಿ ತಂಬಿಗೆ ಮೇಲೆ ತಂಬಿಗೆ ತುಂಬಿರುತ್ತಿತ್ತು, ಎಷ್ಟೋ ದಿನ ಅಷ್ಟರಲ್ಲಿ ಮೇಲಿನವರು ಬಿಸಿನೀರು ಖಾಲಿ ಮಾಡಿರುತ್ತಿದ್ದರು. ಸಮನಾದ ಕಂತಿಗೆ ಸಮನಾದ ನೀರು ಬರಲಿಲ್ಲವೆಂದು ಅವರು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಕೊನೆಗೆ ಪೈಪಿಗೆ ಶಾಖ ತಡೆಯುವ ಹೊದಿಕೆ ಹಾಕಿಸಿ, ನೆಲಮಹಡಿಯ ಕಂತನ್ನು 100 ರೂಪಾಯಿ ಇಳಿಸಿ, ಆ ಹಣವನ್ನು ಮೇಲಿನ ಮನೆಗಳಿಗೆ ಹಂಚಿದೆವು. ಮೊದಲೇ ಇದನ್ನು ಮಾಡಿದ್ದರೆ ಎರಡು ವರ್ಷದ ಮನಸ್ತಾಪ ತಪ್ಪುತ್ತಿತ್ತು.

ಚಿತ್ರದುರ್ಗದಿಂದ, ಸ್ತ್ರೀಶಕ್ತಿ ಸಂಘದ ಸದಸ್ಯೆ:
ನಮ್ಮ ಕಟ್ಟಡದ ಮನೆಗಳಿಗೆ ಇನ್ನೂ ಹಕ್ಕುಪತ್ರ ಬಂದಿರಲಿಲ್ಲ, ಕಟ್ಟಡದ ಸಂಘವೂ ನೋಂದಣಿಯಾಗಿರಲಿಲ್ಲ. ಬ್ಯಾಂಕಿನವರು ಅಡಮಾನಕ್ಕೆ ಏನಿದೆ ಎಂದು ಕೇಳಿ ವಾಪಸ್ ಕಳುಹಿಸಿದರು. ಆಮೇಲೆ ನಮ್ಮ ಸ್ವಸಹಾಯ ಸಂಘದ ಹೆಸರಿನಲ್ಲೇ ಅರ್ಜಿ ಹಾಕಿದೆವು. ಇಂಥ ಸಂಘಗಳಿಗೆ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಉಳಿತಾಯದ ಪುಸ್ತಕ, ನಡಾವಳಿ ಪುಸ್ತಕ ಸರಿಯಾಗಿದ್ದುದರಿಂದ ಸಾಲ ಮಂಜೂರಾಯಿತು. ಆದರೆ ಸಂಘದಲ್ಲಿಲ್ಲದ ಮನೆಯವರ ಪಾಲಿಗೂ ಸಂಘವೇ ಹೊಣೆಯಾಗುತ್ತದೆ, ಆದ್ದರಿಂದ ಅವರಿಂದ ಮೂರು ತಿಂಗಳ ಕಂತನ್ನು ಮುಂಚಿತವಾಗಿ ಪಡೆದುಕೊಳ್ಳಿ. ಮಾಳಿಗೆ ಬಳಸಲು ಕಟ್ಟಡ ಹಸ್ತಾಂತರಿಸಿದ ಇಲಾಖೆಯಿಂದ ಒಪ್ಪಿಗೆ ಪತ್ರವನ್ನೂ ಬರೆಸಿಕೊಳ್ಳಿ.

ಚಳ್ಳಕೆರೆಯಿಂದ:
ನಿಮ್ಮ ಕಟ್ಟಡಕ್ಕೆ ಬೋರ್‌ವೆಲ್ ನೀರು ಬರುವುದಾದರೆ ರಿಪೇರಿ ನಿಧಿಗೆ 40 ರೂಪಾಯಿ ಸಾಲದು. ನಮ್ಮಲ್ಲಿ ಸಂಗ್ರಾಹಕದ (ಮಾಳಿಗೆಯ ಮೇಲೆ ಬಿಸಿಲು ಹಿಡಿದು ನೀರು ಕಾಯಿಸುವ ಫಲಕದ) ತಾಮ್ರದ ಕೊಳವೆ ಬಿಚ್ಚಿದಾಗ ಒಳಗೆ ಸುಣ್ಣದಂಥ ಬಿಳಿ ಪದರ ಕಟ್ಟಿಕೊಂಡು ಪೆನ್ಸಿಲ್ ತೂರುವಷ್ಟೇ ಜಾಗ ಉಳಿದಿತ್ತು. ಗಡಸು ನೀರಿಗೆ ಹೀಟ್ ಎಕ್ಸ್‌ಚೇಂಜರ್ ಇರುವ ಮಾದರಿಯನ್ನೇ ಕೇಳಿ, ಅಂದರೆ ಬೋರ್‌ವೆಲ್ ನೀರು ಸಂಗ್ರಾಹಕದ ಕೊಳವೆಗೆ ಹೋಗದೆ, ಅದರೊಳಗೆ ಸುತ್ತುವ ಬೇರೆ ದ್ರವದಿಂದ ಶಾಖ ಪಡೆಯುವ ಮಾದರಿ. ಬೆಲೆ ಹೆಚ್ಚಾದರೂ ಅದನ್ನು ಸಾಲದ ಮೊತ್ತದಲ್ಲೇ ಸೇರಿಸಿಕೊಳ್ಳಿ. ಆಮೇಲೆ ಹನ್ನೆರಡು ಮನೆಯವರಿಂದ ಮತ್ತೆ ಹಣ ಎತ್ತುವುದು ಬಹಳ ಕಷ್ಟ.